ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಎಂದವರಿಗೆ

"ಏನೂ ಇಲ್ಲಮ್ಮ, ಸ್ಕ್ಯಾನಿಂಗ್ ನಾರ್ಮಲ್ ಇದೆ. ಸುಮ್ನೆ ಟೆನ್ಷನ್ ಮಾಡ್ಕೋಬೇಡ."

ಹೊಟ್ಟೆ ಹಿಡಿದುಕೊಂಡು ಒಳಗೆ ಹೋದ ಹೆಣ್ಣುಮಗಳು ಈ ಮಾತು ಕೇಳಿಸಿಕೊಂಡು ತಲೆ ತಗ್ಗಿಸಿ ಹೊರಗೆ ಬರುತ್ತಾಳೆ. ಹೋಗುವಾಗ ಅವಳಿಗಿದ್ದದ್ದು ನೋವೊಂದೇ. ಬರುವಾಗ ನೋವಿನ ಮೇಲೊಂದು ಆರೋಪ ಸೇರಿಕೊಂಡಿರುತ್ತದೆ. ನೀನು ನಾಟಕ ಆಡುತ್ತಿದ್ದೀಯ, ಇಲ್ಲವೇ ನಿನ್ನ ತಲೆ ಸರಿಯಿಲ್ಲ, ಇಲ್ಲವೇ ನಿನಗೆ ತಡೆದುಕೊಳ್ಳುವ ಶಕ್ತಿಯಿಲ್ಲ. ಈ ಮೂರರಲ್ಲಿ ಅವಳು ಯಾವುದು ಎಂಬುದನ್ನು ಮನೆಯವರು ಆಟೋದಲ್ಲಿ ವಾಪಸು ಬರುವಾಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ.

ನಾನು ಬರೆಯುತ್ತಿರುವುದು ಆ ಮಾತಿನ ವಿರುದ್ಧ. ಅದನ್ನು ಸಲೀಸಾಗಿ ಆಡುವ ವೈದ್ಯರ ವಿರುದ್ಧ, ಅದನ್ನು ಹಿಡಿದು ಹಂಗಿಸುವ ಗಂಡಂದಿರ ವಿರುದ್ಧ, ಹೆಣ್ಣಿನ ಹೊಟ್ಟೆನೋವಿಗೆ ಒಂದು ಪೈಸೆಯನ್ನೂ ಲೆಕ್ಕಕ್ಕಿಡದ ಕಾರ್ಖಾನೆಗಳ ವಿರುದ್ಧ, ಹೆರಿಗೆಯ ಹೊರತು ಗರ್ಭಕೋಶದ ಬೇರೆ ಯಾವ ಸುದ್ದಿಯೂ ತನಗೆ ಬೇಡ ಎಂದು ಕೂತಿರುವ ಸರ್ಕಾರದ ವಿರುದ್ಧ.

ಮೊದಲು ರೋಗದ ಹೆಸರು ಹೇಳಿಬಿಡುತ್ತೇನೆ. ಅದನ್ನು ಇಡೀ ಆಯಸ್ಸು ಅನುಭವಿಸಿಯೂ ಹೆಸರು ಕೇಳದೆ ಸತ್ತ ಹೆಂಗಸರು ಲೆಕ್ಕವಿಲ್ಲದಷ್ಟು ಇದ್ದಾರೆ. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗ. ಅಂಡಾಶಯದ ಮೇಲೆ, ಅಂಡನಾಳದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ, ಕರುಳಿನ ಗೋಡೆಯಲ್ಲಿ, ಮೂತ್ರಕೋಶದ ಮೇಲೆ ಅದು ಬೆಳೆಯುತ್ತದೆ. ಅಪರೂಪಕ್ಕೆ ವಪೆಯ ಮೇಲೆ, ಶ್ವಾಸಕೋಶದಲ್ಲೂ ಕಾಣಿಸಿಕೊಳ್ಳುತ್ತದೆ. ತಿಂಗಳ ಹಾರ್ಮೋನುಗಳು ಏರಿಳಿದಂತೆ ಇದೂ ಊದುತ್ತದೆ, ರಕ್ತ ಒಸರುತ್ತದೆ. ಮುಟ್ಟಿನ ರಕ್ತಕ್ಕೆ ಮೈಯಿಂದ ಹೊರಹೋಗುವ ದಾರಿಯಿದೆ, ಈ ರಕ್ತಕ್ಕೆ ಇಲ್ಲ. ಅದು ಹೊಟ್ಟೆಯೊಳಗೇ ಉಳಿದು ಉರಿಯೂತ ಎಬ್ಬಿಸುತ್ತದೆ, ಗಾಯದ ಕಲೆ ಕಟ್ಟುತ್ತದೆ, ಅಂಡಾಶಯವನ್ನು ಕರುಳಿಗೂ ಕರುಳನ್ನು ಗರ್ಭಕೋಶಕ್ಕೂ ಅಂಟಿಸಿಬಿಡುತ್ತದೆ. ಅಂಡಾಶಯದೊಳಗೆ ಹಳೆಯ ರಕ್ತ ತುಂಬಿಕೊಂಡು ಕಡುಕಂದು ಬಣ್ಣದ ಗಡ್ಡೆಯಾದರೆ ಅದಕ್ಕೆ ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ರೋಗವಿದೆ. ನಿಮ್ಮೂರಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಇಪ್ಪತ್ತು ಜನ ಕೂತಿದ್ದರೆ ಅವರಲ್ಲಿ ಇಬ್ಬರು. ನೋವು ಶುರುವಾಗಿ ರೋಗದ ಗುರುತು ಸಿಗುವುದಕ್ಕೆ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಹೈಸ್ಕೂಲಿನಲ್ಲಿ ಶುರುವಾದ ನೋವಿಗೆ ಎರಡು ಮಕ್ಕಳ ತಾಯಿಯಾದ ಮೇಲೆ ಹೆಸರು ಸಿಗುತ್ತದೆ. ಅಷ್ಟೂ ವರ್ಷ ಅವಳಿಗೆ ಸಿಗುವುದೇನು? ಮೆಡಿಕಲ್ ಶಾಪಿನ ಮೆಫ್ಟಾಲ್, ಮೆಂತ್ಯದ ನೀರು, ಕೊರಳಿಗೊಂದು ತಾಯತ, ಮನೆದೇವರಿಗೆ ಹರಕೆ, ಮದುವೆ ಮಾಡಿ ಎಂಬ ಸಲಹೆ, ಕೊನೆಗೆ ನಿದ್ದೆ ಮಾತ್ರೆ.

ಮನೆಯಲ್ಲಿ ಸಿಗುವ ಮೊದಲ ಸಮಾಧಾನ ಯಾವುದೆಂದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. "ನಮಗೂ ಹೀಗೇ ಆಗ್ತಿತ್ತು, ನಾವೇನು ಸತ್ತೋದ್ವಾ? ತಡ್ಕೋ." ಅಮ್ಮ, ಅಜ್ಜಿ, ದೊಡ್ಡಮ್ಮ ಎಲ್ಲರೂ ಇದನ್ನೇ ಹೇಳುತ್ತಾರೆ. ಈ ರೋಗ ವಂಶದಲ್ಲಿ ಹರಿಯುತ್ತದೆ. ತಾಯಿಗೋ ಅಕ್ಕನಿಗೋ ಇದ್ದರೆ ಮಗಳಿಗೆ, ತಂಗಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಅಂದರೆ "ನಮಗೂ ಹೀಗೇ ಆಗ್ತಿತ್ತು" ಎಂಬುದು ವೈದ್ಯರು ಕಿವಿ ನಿಮಿರಿಸಿ ಕೇಳಬೇಕಾದ ಸುಳಿವು. ಅದೇ ಸುಳಿವನ್ನು ನಮ್ಮ ಮನೆಗಳು ಮಗಳ ಬಾಯಿ ಮುಚ್ಚಿಸಲು ಬಳಸಿಕೊಂಡವು. ಅಮ್ಮ ಸುಳ್ಳು ಹೇಳುತ್ತಿಲ್ಲ. ಅವಳಿಗೂ ಹೀಗೇ ಆಗುತ್ತಿತ್ತು, ಅವಳ ತಾಯಿಗೂ ಹೀಗೇ ಆಗುತ್ತಿತ್ತು. ಮೂರು ತಲೆಮಾರು ಒಂದೇ ರೋಗವನ್ನು ಹೊತ್ತು ಅದಕ್ಕೆ ಹೆಣ್ಣುಜನ್ಮ ಎಂದು ಹೆಸರಿಟ್ಟುಕೊಂಡವು. ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಅವರ ನೋವನ್ನು ಕೇಳಿಸಿಕೊಳ್ಳದೆ, ತಡೆದುಕೊಳ್ಳುವುದನ್ನೇ ಅವರ ಗುಣ ಮಾಡಿ ಹೊಗಳಿದವರ ಮೇಲೆ ಸಿಟ್ಟು.

ಪೀಣ್ಯ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುವ, ನಾಗಮಂಗಲ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಬೀದಿಯಲ್ಲಿದ್ದಾಳೆ. ನನ್ನನ್ನು ಅಕ್ಕ ಎನ್ನುತ್ತಾಳೆ. ಒಮ್ಮೆ ಅವಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಗಂಡನೂ ಬಂದಿದ್ದ. ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಸ್ಕ್ಯಾನಿಂಗ್ ರಿಪೋರ್ಟುಗಳು, ಮಡಿಕೆಯಲ್ಲೇ ಹರಿದ ಚೀಟಿಗಳು, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಗಳು. ವೈದ್ಯರು ಕವರು ಬಿಚ್ಚಲಿಲ್ಲ. ಗಂಡನ ಕಡೆ ತಿರುಗಿ, "ಮಕ್ಕಳಾಗಿದ್ಯಾ?" ಎಂದರು.

"ಇಲ್ಲ ಸಾರ್. ಮದ್ವೆಯಾಗಿ ಮೂರು ವರ್ಷ ಆಯ್ತು."

"ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ. ಇವರು ತುಂಬಾ ಯೋಚ್ನೆ ಮಾಡ್ತಾರೆ ಅನ್ಸುತ್ತೆ. ನಿದ್ದೆಗೆ ಒಂದು ಮಾತ್ರೆ ಬರ್ಕೊಡ್ತೀನಿ."

ಅವಳು ಆಗ ಬಾಯಿಬಿಟ್ಟಳು: "ಸಾರ್, ಡೇಟಾದಾಗ ಕಕ್ಕಸ್ಸಿಗೆ ಕೂತ್ರೆ ಜೀವ ಹೋದಂಗಾಯ್ತದೆ. ಸೊಂಟದಿಂದ ತೊಡೆಗಂಟ ಎಳೀತದೆ. ಮಿಷಿನ್ ಮುಂದೆ ಕೂರಕ್ಕಾಗಲ್ಲ."

ಆ ಮೂರು ಮಾತಿನಲ್ಲಿ ರೋಗದ ಪೂರ್ತಿ ವಿಳಾಸವಿತ್ತು. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ನೋವೆಂದರೆ ಗರ್ಭಕೋಶದ ಹಿಂದೆ, ಕರುಳಿನ ಬಳಿ ಹುಡುಕು ಎಂದು ವೈದ್ಯಕೀಯ ಪಠ್ಯಗಳೇ ಹೇಳುತ್ತವೆ. ವೈದ್ಯರು ಆ ಮಾತನ್ನು ಬರೆದುಕೊಳ್ಳಲಿಲ್ಲ. ಗಂಡನನ್ನು ಐದು ನಿಮಿಷ ಹೊರಗೆ ಕಳಿಸಿ, "ಕೂಡುವಾಗ ನೋವಾಗುತ್ತಾಮ್ಮ?" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವನ ಎದುರಿಗೇ ಅವಳ ಮನಸ್ಸಿನ ಮೇಲೆ ತೀರ್ಪು ಕೊಟ್ಟು ಮುಂದಿನ ಟೋಕನ್ ಕರೆದರು. ಆ ರಾತ್ರಿ ಹಾಸಿಗೆಯಲ್ಲಿ ಅವಳು ನೋವು ಎಂದಾಗ ಗಂಡ ಹೇಳಿದನಂತೆ: "ಡಾಕ್ಟ್ರೇ ಹೇಳವ್ರೆ, ಎಲ್ಲಾ ನಿನ್ ತಲೇಲೇ ಐತೆ." ವೈದ್ಯರೇ, ನಿಮ್ಮ ಬಾಯಿಂದ ಸಡಿಲವಾಗಿ ಬಿದ್ದ ಒಂದು ಮಾತು ಗಂಡನ ಕೈಗೆ ಸಿಕ್ಕ ಪರವಾನಗಿ. ಇನ್ನು ಮುಂದೆ ಅವಳ ಬೇಡ ಎಂಬುದು ಬೇಡವಾಗಿ ಕೇಳಿಸುವುದಿಲ್ಲ.

ಇನ್ನು ಮಗುವಾದರೆ ಸರಿಹೋಗುತ್ತದೆ ಎಂಬ ಉಪದೇಶ. ಬಸುರಿನಲ್ಲಿ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ಕೆಲಕಾಲ ತಗ್ಗುತ್ತದೆ, ಅಷ್ಟೇ. ರೋಗ ಹೋಗುವುದಿಲ್ಲ. ರೋಗಕ್ಕೆ ಚಿಕಿತ್ಸೆಯೆಂದು ಬಸಿರಾಗಲು ಹೇಳಬೇಡಿ ಎಂದು ಯುರೋಪಿನ ತಜ್ಞರ ಸಂಘವಾದ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಬಸಿರಾಗುವುದಕ್ಕೇ ಈ ರೋಗ ಎಷ್ಟೋ ಹೆಂಗಸರಿಗೆ ಅಡ್ಡ ಬರುತ್ತದೆ. ಬಸಿರನ್ನು ತಡೆಯುವ ರೋಗಕ್ಕೆ ಬಸಿರೇ ಮದ್ದು ಎಂದು ಹೇಳಿ, ಅದು ಆಗದೆ ಹೋದಾಗ ಬಂಜೆ ಎಂದು ಕರೆದು, ಅವಳು ಅತ್ತರೆ ಖಿನ್ನತೆಯೇ ಎಲ್ಲಕ್ಕೂ ಕಾರಣ ಎಂದು ಷರಾ ಬರೆಯುವುದು ಯಾವ ಸೀಮೆಯ ವೈದ್ಯ?

ಈ ಉಪದೇಶಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಹಳೆತನವಿದೆ. ಗರ್ಭಕೋಶ ಹೆಣ್ಣಿನ ಮೈಯೊಳಗೆ ಅಲೆದಾಡಿ ಅವಳ ಉಸಿರು ಕಟ್ಟಿಸುತ್ತದೆ ಎಂದು ಪ್ರಾಚೀನ ಗ್ರೀಸಿನ ವೈದ್ಯರು ನಂಬಿದ್ದರು. ತತ್ವಜ್ಞಾನಿ ಪ್ಲೇಟೋ ಕೂಡ ಅದನ್ನು ಮಕ್ಕಳಿಗಾಗಿ ಹಾತೊರೆಯುವ ಪ್ರಾಣಿಯೆಂದು ಬಣ್ಣಿಸಿದ. ಆ ವೈದ್ಯರು ಕೊಟ್ಟ ಮದ್ದು ಮದುವೆ ಮತ್ತು ಬಸಿರು. ಆಮೇಲೆ ಹಿಸ್ಟೀರಿಯಾ ಎಂಬ ದೊಡ್ಡ ಗೋಣಿಚೀಲ ಬಂತು. ಹೆಣ್ಣಿನ ಹೊಟ್ಟೆನೋವು, ಮೂರ್ಛೆ, ಅಳು, ಸಿಟ್ಟು, ಸುಸ್ತು ಎಲ್ಲವನ್ನೂ ಅದರೊಳಗೆ ತುಂಬಿದರು.

ವಿಯೆನ್ನಾ ನಗರದ ಕತೆ ನೋಡಿ. 1860ರಲ್ಲಿ ಅಲ್ಲಿನ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೊಕಿಟಾನ್ಸ್ಕಿ ಗರ್ಭಕೋಶದ ಒಳಪದರದಂಥ ಅಂಗಾಂಶ ಇರಬಾರದ ಜಾಗದಲ್ಲಿ ಬೆಳೆದಿರುವುದನ್ನು ವಿವರಿಸಿದ. ಅದೇ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ಕುರಿತ ತಮ್ಮ ಅಧ್ಯಯನಗಳ ಪುಸ್ತಕ ಪ್ರಕಟಿಸಿದರು. ಹೆಣ್ಣಿನ ಹೊಟ್ಟೆಯೊಳಗೆ ಕಣ್ಣಿಗೆ ಕಾಣುವ ರೋಗವಿದೆ ಎಂದು ಗೊತ್ತಾಗಿ ಮೂವತ್ತೈದು ವರ್ಷವಾದ ಮೇಲೂ ಆ ಊರಿನಿಂದ ಜಗತ್ತಿಗೆ ಹೆಚ್ಚು ಗೊತ್ತಾದದ್ದು ಹೆಣ್ಣಿನ ಮನಸ್ಸಿನ ಮೇಲೆ ಕೊಟ್ಟ ವ್ಯಾಖ್ಯಾನ. ಶವಪರೀಕ್ಷೆಯ ಮೇಜಿನ ಮೇಲೆ ರೋಗ ಸಿಕ್ಕಿತು, ಬದುಕಿದ್ದವಳ ಮಾತಿನಲ್ಲಿ ಸಿಗಲಿಲ್ಲ. ಹಿಸ್ಟೀರಿಯಾ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಎಷ್ಟೋ ಹೆಂಗಸರಿಗೆ ನಿಜವಾಗಿ ಎಂಡೊಮೆಟ್ರಿಯೋಸಿಸ್ ಇದ್ದಿರಬೇಕು ಎಂದು ನೆಝತ್ ಸೋದರರೆಂಬ ಶಸ್ತ್ರವೈದ್ಯರು 2012ರಲ್ಲಿ ದೀರ್ಘ ಲೇಖನವನ್ನೇ ಬರೆದರು. ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಯಿಂದ ಹಿಸ್ಟೀರಿಯಾ ಎಂಬ ಹೆಸರು ಹೋದದ್ದು 1980ರಲ್ಲಿ. ಹೋದದ್ದು ಹೆಸರು ಮಾತ್ರ. ಇವತ್ತು ಅದೇ ಚೀಲದ ಮೇಲೆ ಸ್ಟ್ರೆಸ್, ಟೆನ್ಷನ್, ಸೈಕೋಸೊಮ್ಯಾಟಿಕ್ ಎಂಬ ಹೊಸ ಚೀಟಿಗಳಿವೆ.

1920ರ ದಶಕದಲ್ಲಿ ಅಮೆರಿಕದ ಆಲ್ಬನಿಯ ವೈದ್ಯ ಜಾನ್ ಸ್ಯಾಂಪ್ಸನ್ ಈ ರೋಗಕ್ಕೆ ಇವತ್ತಿನ ಹೆಸರು ಕೊಟ್ಟರು. ಮುಟ್ಟಿನ ರಕ್ತ ಅಂಡನಾಳದ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಸೇರುವುದರಿಂದ ರೋಗ ಹುಟ್ಟುತ್ತದೆ ಎಂದು ವಾದಿಸಿದರು. ಇನ್ನೇನು ಹೆಣ್ಣಿಗೆ ನ್ಯಾಯ ಸಿಕ್ಕಿತು ಎನ್ನುವಷ್ಟರಲ್ಲಿ 1940ರ ದಶಕದಲ್ಲಿ ಬಾಸ್ಟನ್ನಿನ ಹೆಸರಾಂತ ಸ್ತ್ರೀರೋಗ ತಜ್ಞ ಜೋ ಮೇಗ್ಸ್ ಹೊಸ ರಾಗ ತೆಗೆದರು. ಮದುವೆ, ಹೆರಿಗೆ ಮುಂದೂಡುವುದರಿಂದಲೇ ಇದು ಬರುತ್ತದೆ, ಬೇಗ ಮದುವೆಯಾಗಿ ಬೇಗ ಹೆರುವುದೇ ದಾರಿ ಎಂದರು. ಈ ರೋಗ ಓದಿದ, ದುಡಿಯುವ, ಅನುಕೂಲಸ್ಥ ಬಿಳಿಯ ಹೆಂಗಸರ ರೋಗವಾಯಿತು. ಬಡ ಕಪ್ಪು ಹೆಂಗಸು ಅದೇ ನೋವು ಹೇಳಿಕೊಂಡು ಬಂದರೆ ಲೈಂಗಿಕ ಸಂಪರ್ಕದಿಂದ ಬಂದ ಸೋಂಕು ಎಂದು ಬರೆದು ಕಳಿಸಿದರು. ಹಾಗೆ ಸೋಂಕು ಎಂದು ಬರೆಸಿಕೊಂಡವರಲ್ಲಿ ಅನೇಕರಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್ ಎಂದು ವೈದ್ಯ ಡೊನಾಲ್ಡ್ ಚಾಟ್‌ಮನ್ ತೋರಿಸಿಕೊಡಲು 1976 ಬರಬೇಕಾಯಿತು.

ಇದೆಲ್ಲ ಹಳೆಯ ಕಾಲ ಎನ್ನುವವರಿಗೆ ಒಂದು ಹೊಸ ಉದಾಹರಣೆ. 2013ರಲ್ಲಿ ಇಟಲಿಯ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ತೀವ್ರ ಎಂಡೊಮೆಟ್ರಿಯೋಸಿಸ್ ಇರುವ ಹೆಂಗಸರು ಬೇರೆಯವರಿಗಿಂತ ಸುಂದರವಾಗಿರುತ್ತಾರೆಯೇ ಎಂಬುದು ಅದರ ವಿಷಯ. ನೋವಿಗೆ ಮದ್ದು ಹುಡುಕಿಕೊಂಡು ಆಸ್ಪತ್ರೆಗೆ ಬಂದ ಹೆಂಗಸರನ್ನು ನಿಲ್ಲಿಸಿ ಅವರ ಅಂದಕ್ಕೆ ಅಂಕ ಹಾಕಿದರು. ಒಂದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಮಾಡಿತು. ಟೀಕೆಗಳ ಮಳೆ ಸುರಿದು, ಲೇಖಕರು ಅದನ್ನು ಹಿಂದಕ್ಕೆ ಪಡೆದದ್ದು 2020ರಲ್ಲಿ. ಏಳು ವರ್ಷ ಅದು ವಿಜ್ಞಾನದ ಹೆಸರಿನಲ್ಲಿ ಕೂತಿತ್ತು.

ಬೂಕರ್ ಪ್ರಶಸ್ತಿಯನ್ನು 2009 ಮತ್ತು 2012ರಲ್ಲಿ ಎರಡು ಸಲ ಗೆದ್ದ ಇಂಗ್ಲೆಂಡಿನ ಕಾದಂಬರಿಕಾರ್ತಿ ಹಿಲರಿ ಮ್ಯಾಂಟೆಲ್ ಗೊತ್ತಿರಬಹುದು. ಕಾನೂನು ಓದುತ್ತಿದ್ದ ಎಳೆ ವಯಸ್ಸಿನಲ್ಲಿ ಕಾಲು ನೋವು, ಹೊಟ್ಟೆ ನೋವು, ವಾಂತಿ ಎಂದು ಅವರು ವೈದ್ಯರ ಬಳಿ ಹೋದರು. ವೈದ್ಯರು ಮನೋವೈದ್ಯರ ಬಳಿ ಕಳಿಸಿದರು. ಹೆಣ್ಣಿಗೆ ಇರಬಾರದಷ್ಟು ಮಹತ್ವಾಕಾಂಕ್ಷೆ ಇರುವುದರಿಂದ ಬಂದ ಒತ್ತಡ ಎಂದು ಮನೋವೈದ್ಯರು ತೀರ್ಮಾನಿಸಿದರು. ಖಿನ್ನತೆಯ ಮಾತ್ರೆ ಕೊಟ್ಟರು, ಅದರ ಮೇಲೆ ತೀವ್ರ ಮನೋರೋಗಕ್ಕೆ ಕೊಡುವ ಮಾತ್ರೆ ಕೊಟ್ಟರು. ಆ ಮಾತ್ರೆಗಳು ಒಂದೆಡೆ ಕೂರಲಾಗದ, ನಿಲ್ಲಲಾಗದ ಚಡಪಡಿಕೆ ತಂದವು. ಆ ಚಡಪಡಿಕೆಯನ್ನೂ ಹುಚ್ಚಿನ ಲಕ್ಷಣವೆಂದೇ ಎಣಿಸಿದರು. ಬರೆಯಬೇಡ ಎಂದೂ ಹೇಳಿದರು. ಮುಂದೆ ಗಂಡನ ಜೊತೆ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಇದ್ದಾಗ ಮ್ಯಾಂಟೆಲ್ ವೈದ್ಯಕೀಯ ಪುಸ್ತಕ ತೆರೆದು ತನ್ನ ರೋಗವನ್ನು ತಾನೇ ಕಂಡುಕೊಂಡರು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಅವರಿಗೆ 27 ವರ್ಷ. ಅಷ್ಟರಲ್ಲಿ ರೋಗ ಎಷ್ಟು ಹಬ್ಬಿತ್ತೆಂದರೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಬೇಕಾಯಿತು. ಮಕ್ಕಳಾಗುವ ದಾರಿ ಅಲ್ಲಿಗೆ ಮುಚ್ಚಿತು, ಆದರೂ ರೋಗ ಮರಳಿ ಬಂತು. 2003ರಲ್ಲಿ ಬಂದ ಆತ್ಮಕಥನದಲ್ಲಿ ಇದನ್ನೆಲ್ಲ ಅವರು ಬರೆದಿಟ್ಟಿದ್ದಾರೆ. ಓದಿದ ಹೆಣ್ಣು, ಮಾತಿನ ಮೇಲೆ ಅಂಥ ಹಿಡಿತವಿದ್ದ ಹೆಣ್ಣು, ತನ್ನ ಹೊಟ್ಟೆನೋವನ್ನು ವೈದ್ಯರಿಗೆ ನಂಬಿಸಲು ಸೋತಳು. ಹಾಗಿದ್ದರೆ ಹೊಲಿಗೆ ಮಿಷಿನ್ ಮುಂದೆ ಕೂತವಳು ಏನು ಮಾಡಬೇಕು?

ನಮ್ಮ ಬೀದಿಯ ಹೆಣ್ಣುಮಗಳಿಗೆ ಕೊನೆಗೊಬ್ಬ ವೈದ್ಯೆ ಸಿಕ್ಕಿದರು. ಕವರು ಬಿಚ್ಚಿ ಒಂದೊಂದೇ ಚೀಟಿ ಓದಿದರು, ಕೇಳಬೇಕಾದದ್ದನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪ್ರೋಸ್ಕೋಪಿಯಲ್ಲಿ ರೋಗ ಕಣ್ಣಿಗೆ ಬಿತ್ತು. ಕರುಳು ಗರ್ಭಕೋಶದ ಬೆನ್ನಿಗೆ ಅಂಟಿಕೊಂಡಿತ್ತು. ಸುದ್ದಿ ಕೇಳಿ ಅವಳು ಅತ್ತಳು. ಸಮಾಧಾನ ಮಾಡಲು ಹೋದ ನನ್ನ ಕೈ ಹಿಡಿದುಕೊಂಡು, "ಅಕ್ಕ, ಹಂಗಾರೆ ನಂಗೆ ಹುಚ್ಚಿಲ್ಲ" ಎಂದಳು. ರೋಗವಿದೆ ಎಂದು ತಿಳಿದು ನೆಮ್ಮದಿಪಡುವ ಸ್ಥಿತಿಗೆ ಒಬ್ಬ ಹೆಂಗಸನ್ನು ತಂದು ನಿಲ್ಲಿಸಿದ್ದೇವಲ್ಲ, ಇದಕ್ಕಿಂತ ಹೇಯವಾದದ್ದು ಏನಿದೆ?

ಸ್ಕ್ಯಾನಿಂಗ್ ನಾರ್ಮಲ್ ಎನ್ನುವವರಿಗೆ ಇನ್ನೊಂದು ಮಾತು. ಹೊಟ್ಟೆಯ ಒಳಪೊರೆಯ ಮೇಲೆ ಚುಕ್ಕೆಗಳಂತೆ ಹರಡುವ ಎಂಡೊಮೆಟ್ರಿಯೋಸಿಸ್ ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ಕಾಣದೆ ಹೋಗಬಹುದು. ಗಡ್ಡೆ ಎಷ್ಟು ದೊಡ್ಡದು, ರೋಗ ಯಾವ ಹಂತದ್ದು ಎಂಬುದಕ್ಕೂ ನೋವು ಎಷ್ಟು ಎಂಬುದಕ್ಕೂ ನೇರ ಲೆಕ್ಕವಿಲ್ಲ. ಕೊನೆಯದಾದ ನಾಲ್ಕನೇ ಹಂತದವಳು ಓಡಾಡಿಕೊಂಡಿರಬಹುದು, ಮೊದಲ ಹಂತದವಳು ನೆಲಕ್ಕೆ ಬಿದ್ದು ಹೊರಳಾಡಬಹುದು. ಇದು ವೈದ್ಯರಿಗೆ ಗೊತ್ತಿರುವ ವಿಷಯ. ಗೊತ್ತಿದ್ದೂ ಯಂತ್ರಕ್ಕೆ ಕಾಣದ್ದು ಇಲ್ಲವೇ ಇಲ್ಲ ಎಂದು ತೀರ್ಪು ಕೊಡುವುದು ಅಜ್ಞಾನವಲ್ಲ, ಸೋಮಾರಿತನ.

ಹಾಗಾದರೆ ಮನಸ್ಸಿಗೂ ಈ ರೋಗಕ್ಕೂ ಸಂಬಂಧವೇ ಇಲ್ಲವೇ? ಖಂಡಿತ ಇದೆ. ಅದನ್ನು ಮುಚ್ಚಿಡಲು ನಾನು ಬಂದಿಲ್ಲ. ಈ ರೋಗವಿರುವವರಲ್ಲಿ ಖಿನ್ನತೆ, ಆತಂಕ ಬೇರೆಯವರಿಗಿಂತ ಹೆಚ್ಚು. ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿ ಕೋಶವನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ರೋಗಕ್ಕೂ ಖಿನ್ನತೆ, ಆತಂಕ, ಊಟದ ಮೇಲಿನ ಹತೋಟಿ ತಪ್ಪುವ ತೊಂದರೆಗಳಿಗೂ ವಂಶವಾಹಿಗಳ ಮಟ್ಟದಲ್ಲೇ ನಂಟಿದೆ ಎಂದು ತೋರಿಸಿತು. ಅದೇ ವರ್ಷ 60 ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿ ಪರಿಶೀಲಿಸಿದ ಇನ್ನೊಂದು ದೊಡ್ಡ ಅಧ್ಯಯನ ಮೈಗ್ರೇನ್, ಬೆನ್ನುನೋವುಗಳ ಜೊತೆ ಇದಕ್ಕಿರುವ ನಂಟನ್ನು ಎತ್ತಿ ತೋರಿಸಿತು. ರೋಗದ ಜಾಗದಲ್ಲಿ ಹೊಸ ನರತಂತುಗಳು ಬೆಳೆಯುತ್ತವೆ. ವರ್ಷಗಟ್ಟಲೆ ನೋವಿನ ಸುದ್ದಿ ಹೊತ್ತು ಹೊತ್ತು ಬೆನ್ನುಹುರಿ ಮತ್ತು ಮಿದುಳು ಅತಿಸೂಕ್ಷ್ಮವಾಗುತ್ತವೆ. ಕಳ್ಳ ಓಡಿಹೋದ ಮೇಲೂ ಊರ ನಾಯಿ ಬೊಗಳುತ್ತಲೇ ಇರುವಂತೆ, ಗಡ್ಡೆ ತೆಗೆದ ಮೇಲೂ ನರಗಳು ಕೂಗುವುದನ್ನು ನಿಲ್ಲಿಸದಿರಬಹುದು. ಕಿಬ್ಬೊಟ್ಟೆಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಹೊಟ್ಟೆಯುಬ್ಬರ, ತಲೆನೋವು, ಎದೆಬಡಿತ ಸೇರಿಕೊಳ್ಳುತ್ತವೆ, ನಿದ್ದೆ ಹಾರಿಹೋಗುತ್ತದೆ. ಕ್ಯಾಲೆಂಡರ್ ನೋಡಿದರೆ ಸಾಕು, ಮುಂದಿನ ತಿಂಗಳ ತಾರೀಕು ನೆನೆದು ಕೈಕಾಲು ತಣ್ಣಗಾಗುತ್ತವೆ.

ಇದರ ಮೇಲೆ ಮನೆಯವರ ಅಪನಂಬಿಕೆ ಹೇರಿ. ಗಂಡನ ಮುನಿಸು, ಅತ್ತೆಯ ಕೊಂಕು, ಸೂಪರ್‌ವೈಸರ್ ಬೈಗುಳ, ಮಗುವಾಗಿಲ್ಲವೇ ಎಂದು ಮದುವೆಮನೆಗಳಲ್ಲಿ ಕೇಳುವ ನೆಂಟರನ್ನು ಹೇರಿ. ಹತ್ತು ವರ್ಷ ಹೀಗೆ ಬದುಕಿದ ಮೇಲೂ ಒಬ್ಬಳ ಮನಸ್ಸು ಕುಸಿಯದಿದ್ದರೆ ಅದೇ ಆಶ್ಚರ್ಯ. ನೀವು ನೋವನ್ನು ಹತ್ತು ವರ್ಷ ನಂಬದೆ ಮನಸ್ಸನ್ನು ಮುರಿದಿರಿ. ಆಮೇಲೆ ಮುರಿದ ಮನಸ್ಸನ್ನು ತೋರಿಸಿ, ಇದೇ ನೋವಿಗೆ ಕಾರಣ ಎಂದಿರಿ. ಬೆಂಕಿ ಹಚ್ಚಿದವರೇ ಬೂದಿಯನ್ನು ಸಾಕ್ಷಿ ಮಾಡಿಕೊಂಡರು.

ನನ್ನ ಇನ್ನೊಂದು ಜಗಳ ಇಲ್ಲೇ ಇದೆ. ಒಂದು ವೇಳೆ ಅದು ನಿಜವಾಗಿಯೂ ಮನಸ್ಸಿನ ಕಾಯಿಲೆಯೇ ಆಗಿದ್ದರೆ? ಆಗ ಅದಕ್ಕೂ ಚಿಕಿತ್ಸೆ ಬೇಡವೇ, ಗೌರವ ಬೇಡವೇ? ನಿಮ್ಮ ಬಾಯಲ್ಲಿ ಮಾನಸಿಕ ಎಂದರೆ ಸುಳ್ಳು ಎಂದರ್ಥ. ಮಾನಸಿಕ ಎಂದು ಹೇಳಿ ಮುಗಿಸಿದ ಎಷ್ಟು ಜನ ವೈದ್ಯರು ಮುಂದೆ ಯಾರನ್ನು ಕಾಣಬೇಕೆಂದು ಬರೆದುಕೊಡುತ್ತಾರೆ? ಎಷ್ಟು ಜನ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತನಾಡುತ್ತಾರೆ ಎಂದು ಹೇಳುತ್ತಾರೆ? ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ನರಗಳ ನೋವನ್ನೂ ತಗ್ಗಿಸುತ್ತವೆ, ಅವನ್ನು ಕೊಡುವುದು ತಪ್ಪಲ್ಲ. ಯಾಕೆ ಕೊಡುತ್ತಿದ್ದೇನೆಂದು ಹೇಳದೆ ಕೊಟ್ಟು, ಮೆಡಿಕಲ್ ಶಾಪಿನವನ ಬಾಯಿಂದ "ಇದು ಡಿಪ್ರೆಷನ್ ಮಾತ್ರೆ ಕಣಮ್ಮ" ಎಂದು ಕೇಳಿಸುವುದು ತಪ್ಪು. ಮನಸ್ಸಿನ ಹೆಸರು ಹೇಳಿ ಹೊಟ್ಟೆಯ ಪರೀಕ್ಷೆ ನಿಲ್ಲಿಸುವುದು ಅನ್ಯಾಯ. ಹೊಟ್ಟೆಯ ಆಪರೇಷನ್ ಮುಗಿಯಿತೆಂದು ಮನಸ್ಸನ್ನು ಕೈಬಿಡುವುದೂ ಅಷ್ಟೇ ಅನ್ಯಾಯ. ಎರಡೂ ಒಬ್ಬಳೇ ಹೆಂಗಸಿನವು, ಎರಡನ್ನೂ ಒಟ್ಟಿಗೆ ನೋಡಿ.

ನಮ್ಮ ನಾಡಿನಲ್ಲಿ ಈ ಅನ್ಯಾಯಕ್ಕೂ ಜಾತಿ, ವರ್ಗಗಳ ಲೆಕ್ಕವಿದೆ. ನಗರದ ಕಚೇರಿಯ ಹುಡುಗಿಗೆ ಸಿಗುವ ತೀರ್ಪು ಸ್ಟ್ರೆಸ್. ತಾಂಡಾದ ಹೆಂಗಸಿಗೆ, ದಲಿತ ಕೂಲಿ ಹೆಂಗಸಿಗೆ ಸಿಗುವ ತೀರ್ಪು ಬೇರೆ. ಗರ್ಭಕೋಶ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡಿ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿಮುಟ್ಟು ಎಂದು ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಬೇಕಿಲ್ಲದೆ ತೆಗೆದ ಪ್ರಕರಣ ಸುಮಾರು ಹತ್ತು ವರ್ಷದ ಹಿಂದೆ ಬಯಲಿಗೆ ಬಂತು. ಸಣ್ಣ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡ ಆ ತಾಯಂದಿರು ಬೀದಿಗಿಳಿದು ನ್ಯಾಯ ಕೇಳಿದರು. ದೇಶದ ಬೇರೆ ರಾಜ್ಯಗಳ ಇಂಥವೇ ಪ್ರಕರಣಗಳ ಅರ್ಜಿ ಸುಪ್ರೀಂ ಕೋರ್ಟಿನಲ್ಲಿತ್ತು. 2023ರ ಏಪ್ರಿಲ್‌ನಲ್ಲಿ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿತು. ಆ ಹೆಂಗಸರಿಗೆಲ್ಲ ಎಂಡೊಮೆಟ್ರಿಯೋಸಿಸ್ ಇತ್ತೆಂದು ನಾನು ಹೇಳುತ್ತಿಲ್ಲ. ಇದ್ದಿದ್ದರೂ ಗರ್ಭಕೋಶ ತೆಗೆದ ಮಾತ್ರಕ್ಕೆ ಆ ರೋಗ ವಾಸಿಯಾಗುವುದಿಲ್ಲ, ಏಕೆಂದರೆ ರೋಗವಿರುವುದು ಗರ್ಭಕೋಶದ ಹೊರಗೆ. ನಾನು ಹೇಳುವುದಿಷ್ಟೇ. ಒಬ್ಬಳ ಹೊಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ, ಇನ್ನೊಬ್ಬಳ ಹೊಟ್ಟೆಯನ್ನು ಕೇಳದೆ ಕೊಯ್ದರು. ಇಬ್ಬರ ಮಾತನ್ನೂ ಯಾರೂ ಕೇಳಿಸಿಕೊಳ್ಳಲಿಲ್ಲ.

ಸರ್ಕಾರಕ್ಕೂ ಒಂದು ಮಾತು. ಹೆಣ್ಣು ಬಸಿರಾದರೆ ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬರುತ್ತಾಳೆ. ಮಕ್ಕಳು ಸಾಕೆಂದರೆ ಆಪರೇಷನ್ ಕ್ಯಾಂಪ್ ಇದೆ. ನೋವಿಗೆ ಯಾವ ಕಾರ್ಡೂ ಇಲ್ಲ. ಶುಚಿ ಯೋಜನೆಯಲ್ಲಿ ಹೈಸ್ಕೂಲು ಹುಡುಗಿಯರಿಗೆ ಪ್ಯಾಡ್ ಹಂಚುತ್ತೀರಿ, ಒಳ್ಳೆಯದು. ಪ್ಯಾಡ್ ಕೊಡುವ ಕೈ ಒಂದು ಪ್ರಶ್ನೆಯನ್ನೂ ಕೇಳಬಾರದೇ? "ಮುಟ್ಟಿನ ನೋವಿಗೆ ಶಾಲೆ ತಪ್ಪಿಸ್ತೀಯಾ ಮಗಳೇ?" 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೂ ಅದು ಸಿಗಬೇಕು, ಪ್ರೊಡಕ್ಷನ್ ಟಾರ್ಗೆಟ್ ಹೆಸರಿನಲ್ಲಿ ಅದನ್ನು ಕಸಿಯುವವರ ಮೇಲೆ ಕಣ್ಣಿಡಬೇಕು. ಪಕ್ಕದ ತಮಿಳುನಾಡಿನ ಗಾರ್ಮೆಂಟ್ಸ್‌ಗಳಲ್ಲಿ ಮುಟ್ಟಿನ ನೋವೆಂದವರಿಗೆ ಹೆಸರೂ ಇಲ್ಲದ ಮಾತ್ರೆ ನುಂಗಿಸಿ ಕೆಲಸಕ್ಕೆ ಕೂರಿಸುತ್ತಿದ್ದುದನ್ನು 2019ರಲ್ಲಿ ಪತ್ರಕರ್ತರು ಬಯಲಿಗೆಳೆದರು. ರಜೆ ಬೇಕು, ಆದರೆ ಅದು ಚಿಕಿತ್ಸೆಯಲ್ಲ. ಪ್ರತಿ ತಿಂಗಳೂ ರಜೆ ಹಾಕುವಷ್ಟು ನೋವಿರುವ ಹೆಣ್ಣಿಗೆ ರಜೆಯ ಜೊತೆ ತಪಾಸಣೆಯೂ ಸಿಗಬೇಕು. ಆಸ್ಟ್ರೇಲಿಯಾ 2018ರಲ್ಲಿ, ಫ್ರಾನ್ಸ್ 2022ರಲ್ಲಿ ಈ ರೋಗಕ್ಕೆಂದೇ ರಾಷ್ಟ್ರೀಯ ಯೋಜನೆ ಮಾಡಿದವು. ಅಲ್ಲಿನ ಹೆಂಗಸರು ಬಾಯಿ ಮುಚ್ಚಿಕೊಂಡಿದ್ದರೆ ಅದೂ ಆಗುತ್ತಿರಲಿಲ್ಲ.

ನಮ್ಮ ಬೇಡಿಕೆಗಳು ದುಬಾರಿಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಎಲ್ಲ ಆಸ್ಪತ್ರೆಗಳಲ್ಲಿ ಮುಟ್ಟಿನ ನೋವು, ಕೂಡುವಾಗಿನ ನೋವು, ಮಲಮೂತ್ರದ ನೋವು, ತಾಯಿ ಅಕ್ಕತಂಗಿಯರ ನೋವು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು, ಒಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಈ ನೋವು ತಗ್ಗಿಸುವ ಹಾರ್ಮೋನು ಮಾತ್ರೆಗಳು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಟ್ಟಿಯಾಗಿ ಸಿಗಬೇಕು. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರು, ನೋವಿನ ತಜ್ಞರು, ಮನೋವೈದ್ಯರು ಕೂಡಿ ನೋಡುವ ಒಂದು ದಿನವಾದರೂ ಇರಬೇಕು. ವೈದ್ಯಕೀಯ ಕಾಲೇಜುಗಳಲ್ಲಿ ಹುಡುಗರಿಗೆ, ಹುಡುಗಿಯರಿಗೆ ಕಲಿಸುವ ಮೊದಲ ಪಾಠ ಹೆಣ್ಣಿನ ಮಾತನ್ನು ಪೂರ್ತಿ ಕೇಳುವುದಾಗಿರಬೇಕು.

ಇದೆಲ್ಲ ಆಗುವ ತನಕ ನಾವು ಕಾಯುವುದಿಲ್ಲ. ಅಕ್ಕಂದಿರೇ, ತಂಗಿಯರೇ, ಇಂದಿನಿಂದಲೇ ಒಂದು ಕೆಲಸ ಮಾಡೋಣ. ಯಾವ ತಾರೀಕು, ಎಲ್ಲಿ ನೋವು, ಎಷ್ಟು ಹೊತ್ತು, ಯಾವ ಮಾತ್ರೆ, ಕೆಲಸಕ್ಕೆ ಹೋಗಲಾಯಿತೇ ಇಲ್ಲವೇ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. ಬರೆಯಲು ಬಾರದವರು ಮಗಳ ಕೈಲಿ ಬರೆಸಲಿ, ಅವಳಿಗೂ ಅದು ಬೇಕಾಗುತ್ತದೆ. ಆಸ್ಪತ್ರೆಗೆ ಒಬ್ಬರೇ ಹೋಗುವುದು ಬೇಡ, ಸಂಘದವರು ಜೊತೆಯಾಗೋಣ. ಅಲ್ಲಿ ವೈದ್ಯರು ಇದು ಮಾನಸಿಕ ಎಂದರೆ ಎದ್ದು ಬರುವುದು ಬೇಡ. ಚೀಟಿಯನ್ನು ಅವರ ಮುಂದಿಟ್ಟು ಹೇಳೋಣ: "ಎಂಡೊಮೆಟ್ರಿಯೋಸಿಸ್ ಇಲ್ಲ ಅಂತ ಯಾವ ಪರೀಕ್ಷೆ ಮಾಡಿ ತೀರ್ಮಾನಿಸಿದಿರಿ ಅನ್ನೋದನ್ನ ಇಲ್ಲಿ ಬರೀರಿ, ಕೆಳಗೆ ಸಹಿ ಹಾಕಿ." ಪರೀಕ್ಷಿಸಿದವರು ಧಾರಾಳವಾಗಿ ಬರೆಯುತ್ತಾರೆ. ಬರೆಯಲು ಒಪ್ಪದವರಿಗೆ ನಮ್ಮ ಮನಸ್ಸಿನ ಮೇಲೆ ತೀರ್ಪು ಕೊಡುವ ಹಕ್ಕಿಲ್ಲ, ಆ ಹಕ್ಕನ್ನು ನಾವು ವಾಪಸು ಪಡೆದಿದ್ದೇವೆ.